ಚಳಿಗಾಲಕ್ಕೇ ಸೇರಿ: ವೆಲ್ಲಿಂಗ್ಟನ್‌ನ ಒಂದು ಟ್ರ್ಯಾಂಪಿಂಗ್ ಕ್ಲಬ್ ಬಗ್ಗೆ

ನ್ಯೂಜಿಲೆಂಡ್‌ನ ವೆಲ್ಲಿಂಗ್ಟನ್ ಕಡೆ ಇರುವ ನಮ್ಮವರು ನನ್ನನ್ನು ಆಗಾಗ ಕೇಳುತ್ತಾರೆ: ಬೆಟ್ಟ ಹತ್ತೋಕೆ ಕ್ಲಬ್ ಯಾಕೆ ಬೇಕು, ದಾರಿ ಫೋನಿನಲ್ಲೇ ಇದೆಯಲ್ಲ? ಬೇಸಿಗೆಗಾದರೆ ಒಪ್ಪುತ್ತೇನೆ. ಜನವರಿಯಲ್ಲಿ ರಾತ್ರಿ ಒಂಬತ್ತರ ತನಕ ಬೆಳಕಿರುತ್ತದೆ. ಹಾದಿಯಲ್ಲಿ ಹಾವಿಲ್ಲ, ಈ ದೇಶದಲ್ಲೇ ಹಾವಿಲ್ಲ. ಇಬ್ಬರು ಗೆಳೆಯರು, ಎರಡು ಚೀಲ, ಸಾಕು. ಜೂನ್ ಬಂದಮೇಲೆ ಲೆಕ್ಕ ಬೇರೆ. ಬೆಳಿಗ್ಗೆ ಏಳೂಮುಕ್ಕಾಲಿಗೆ ಸೂರ್ಯ ಹುಟ್ಟಿ ಸಂಜೆ ಐದಕ್ಕೆ ಮುಳುಗುತ್ತಾನೆ. ಮರ ಬೆಳೆಯುವ ಎತ್ತರ ದಾಟಿದ ಮೇಲೆ ಹಿಮ, ಅದರ ಮೇಲೆ ಗಾಳಿ. ನಾನು ಕ್ಲಬ್ ಸೇರಿ ಹಲವು ಚಳಿಗಾಲ ಕಳೆದಿವೆ. ಚಂದಾ ಕಟ್ಟಿದ್ದಕ್ಕೆ ನಿಜವಾದ ಬೆಲೆ ಸಿಕ್ಕಿದ್ದು ಜೂನ್‌ನಿಂದ ಆಗಸ್ಟ್‌ವರೆಗಿನ ಈ ಮೂರು ತಿಂಗಳಲ್ಲೇ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ನ್ಯೂಜಿಲೆಂಡ್‌ನಲ್ಲಿ ಟ್ರೆಕ್ಕಿಂಗ್ ಅನ್ನು ಟ್ರ್ಯಾಂಪಿಂಗ್ ಅನ್ನುತ್ತಾರೆ. ಇಲ್ಲಿನ ಮೊದಲ ಕ್ಲಬ್, ತಾರಾರುವಾ ಟ್ರ್ಯಾಂಪಿಂಗ್ ಕ್ಲಬ್, 1919ರಲ್ಲಿ ವೆಲ್ಲಿಂಗ್ಟನ್‌ನಲ್ಲೇ ಶುರುವಾಯಿತು. 1924ರಲ್ಲಿ ಅವರು ಕಟ್ಟಿದ ಫೀಲ್ಡ್ ಹಟ್ (ಹಟ್ ಅಂದರೆ ಬೆಟ್ಟ ಹತ್ತುವವರು ರಾತ್ರಿ ತಂಗುವ ಸಣ್ಣ ಮನೆ) ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಆಮೇಲೆ ಊರೂರಿಗೆ ಕ್ಲಬ್‌ಗಳು ಹುಟ್ಟಿಕೊಂಡವು. 1931ರಲ್ಲಿ ಎಲ್ಲ ಸೇರಿ ಫೆಡರೇಟೆಡ್ ಮೌಂಟನ್ ಕ್ಲಬ್ಸ್ ಎಂಬ ಒಕ್ಕೂಟ ಮಾಡಿಕೊಂಡವು. ನನ್ನದು ಅಂಥದೇ ಒಂದು ಸಣ್ಣ ಕ್ಲಬ್. ಹೆಸರು ಬೇಡ, ಯಾಕೆಂದರೆ ಕೆಳಗೆ ಒಂದಿಷ್ಟು ದೂರೂ ಇದೆ. ಸಂಬಳಕ್ಕೆ ಕೆಲಸ ಮಾಡುವವರು ಯಾರೂ ಇಲ್ಲ. ಟ್ರಿಪ್ ಲೀಡರ್, ಲೆಕ್ಕ ನೋಡುವವರು, ಸಾಮಾನಿನ ಕೋಣೆಯ ಬೀಗದ ಕೈ ಇಟ್ಟುಕೊಂಡವರು, ಎಲ್ಲರೂ ಸದಸ್ಯರೇ.

ಸಾಮಾನಿನ ಕೋಣೆಯಿಂದಲೇ ಶುರು ಮಾಡುತ್ತೇನೆ. ಐಸ್ ಆಕ್ಸ್ ಎನ್ನುವ ಹಿಮಗೊಡಲಿ, ಬೂಟಿನ ಅಡಿಗೆ ಕಟ್ಟುವ ಲೋಹದ ಮುಳ್ಳುಗಳ ಕ್ರ್ಯಾಂಪಾನ್, ಹೆಲ್ಮೆಟ್ ಇಷ್ಟನ್ನೂ ಅಂಗಡಿಯಲ್ಲಿ ಹೊಸದಾಗಿ ಕೊಂಡರೆ ಜೇಬು ಖಾಲಿ. ಕ್ಲಬ್‌ನಲ್ಲಿ ವಾರಾಂತ್ಯಕ್ಕೆ ಸಣ್ಣ ಬಾಡಿಗೆ ಕೊಟ್ಟರೆ ಆಯಿತು. ಪಿಎಲ್‌ಬಿ ಎನ್ನುವ ತುರ್ತು ಬೀಕನ್ ಪ್ರತಿ ತಂಡದ ಜೊತೆಗೂ ಹೋಗುತ್ತದೆ. ಫೋನಿಗೆ ಸಿಗ್ನಲ್ ಇಲ್ಲದ ಕಣಿವೆಯಿಂದಲೂ ಅದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸುದ್ದಿ ಮುಟ್ಟಿಸುತ್ತದೆ. ಬಟ್ಟೆ ಮಾತ್ರ ನಿಮ್ಮದೇ. ಅದರಲ್ಲಿ ಹತ್ತಿ ಇರಬಾರದು. ಜೀನ್ಸ್ ಹಾಕಿಕೊಂಡು ಬಂದ ಹುಡುಗನೊಬ್ಬನನ್ನು ಲೀಡರ್ ಕಾರಿನ ಹತ್ತಿರವೇ ನಿಲ್ಲಿಸಿ, ತಮ್ಮ ಚೀಲದಿಂದ ಇನ್ನೊಂದು ಪ್ಯಾಂಟ್ ತೆಗೆದು ಕೊಟ್ಟದ್ದನ್ನು ನೋಡಿದ್ದೇನೆ. ನೆಂದ ಹತ್ತಿ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಮೆರಿನೋ ಉಣ್ಣೆ ಅಥವಾ ಪಾಲಿಪ್ರೊಪಿಲೀನ್ ಎಂಬ ಕೃತಕ ನೂಲು ನೆಂದರೂ ಬೆಚ್ಚಗಿಡುತ್ತದೆ.

ಈಗ ನನಗೆ ತುಂಬಾ ಮುಖ್ಯವಾದ ವಿಷಯ. ಒಂದು ಜುಲೈಯಲ್ಲಿ ಹೋಲ್ಡ್ಸ್‌ವರ್ತ್ ಬೆಟ್ಟಕ್ಕೆ ಹೋಗಿದ್ದೆವು. ತಾರಾರುವಾ ಸಾಲಿನಲ್ಲಿ ಜನ ಜಾಸ್ತಿ ಹತ್ತುವ ಬೆಟ್ಟ, ಎತ್ತರ 1470 ಮೀಟರ್. ಶನಿವಾರ ಪವೆಲ್ ಹಟ್‌ನಲ್ಲಿ ಮಲಗಿ, ಭಾನುವಾರ ತುದಿ ದಾಟಿ, ಬೆಟ್ಟದ ಏಣಿನ (ಎತ್ತರದ ಕಿರಿದಾದ ಬೆನ್ನಿನ) ಮೇಲೆಯೇ ಜಂಬೋ ಹಟ್‌ವರೆಗೆ ನಡೆದು, ಅಲ್ಲಿಂದ ಅತಿಫಕಾಟು ಕಣಿವೆಗೆ ಇಳಿಯುವುದು ಯೋಜನೆ. ಲೀಡರ್ ಅರವತ್ತು ದಾಟಿದ ನಿವೃತ್ತ ಶಿಕ್ಷಕಿ. ಶುಕ್ರವಾರವೇ ಅವರು ಬೆಟ್ಟಗಳಿಗೆಂದೇ ಬರುವ ಹವಾಮಾನ ಮುನ್ಸೂಚನೆ ನೋಡಿ ಎರಡು ಗಡಿ ಹಾಕಿದ್ದರು. ಇಂಥ ಹೊತ್ತಿಗೆ ತುದಿ ಮುಟ್ಟದಿದ್ದರೆ ವಾಪಸ್. ಗಾಳಿಗೆ ಯಾರಾದರೂ ಒಬ್ಬರ ಹೆಜ್ಜೆ ತಪ್ಪಿದರೂ ವಾಪಸ್. ಭಾನುವಾರ ಬೆಳಿಗ್ಗೆ ಹಟ್ ಮೇಲಿನ ಇಳಿಜಾರಿನಲ್ಲಿ ಅರ್ಧ ಗಂಟೆ ನಡೆದೆವು. ಹುಲ್ಲಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ತಂಡದಲ್ಲಿ ಸಣ್ಣ ಮೈಕಟ್ಟಿನವರೊಬ್ಬರನ್ನು ಗಾಳಿ ತಳ್ಳಿ ಹೆಜ್ಜೆ ತಪ್ಪಿಸಿತು. ಲೀಡರ್ ಕೈ ಎತ್ತಿದರು. ಎಲ್ಲರೂ ತಿರುಗಿದೆವು. ಯಾರೂ ವಾದ ಮಾಡಲಿಲ್ಲ, ಮುಖ ಸಣ್ಣ ಮಾಡಿಕೊಳ್ಳಲಿಲ್ಲ.

ಹಟ್‌ಗೆ ಬಂದು ಚಹಾ ಕುಡಿಯುವಾಗ ಅವರು ಕಾರಣ ಬಿಡಿಸಿ ಹೇಳಿದರು. ತುದಿ ದಾಟಿ ಏಣು ಹಿಡಿದ ಮೇಲೆ ಮಧ್ಯದಲ್ಲಿ ಇಳಿಯಲು ಒಳ್ಳೆಯ ದಾರಿ ಇಲ್ಲ. ಈಗ ಬೆನ್ನಿಗಿರುವ ಗಾಳಿ ಅಲ್ಲಿ ಪಕ್ಕಕ್ಕೆ ಬರುತ್ತದೆ. ತಂಡದ ವೇಗ ಅಂದರೆ ಅದರಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ವೇಗ, ಐದಕ್ಕೆ ಕತ್ತಲೆ. ಒಂದೊಂದನ್ನೇ ಬೇರೆಯಾಗಿ ನೋಡಿದರೆ ದೊಡ್ಡದಲ್ಲ, ನಾಲ್ಕೂ ಸೇರಿದರೆ ಅಪಾಯ. ಇಂಥ ಲೆಕ್ಕ ಹಾಕುವುದನ್ನು ನನಗೆ ಯಾವ ಆ್ಯಪ್ ಕೂಡ ಕಲಿಸಿಲ್ಲ. ಕ್ಲಬ್‌ನಲ್ಲಿ ಇದು ಪ್ರತಿ ಟ್ರಿಪ್‌ನಲ್ಲೂ, ಯಾರದೋ ಬಾಯಿಂದ, ಬಿಟ್ಟಿಯಾಗಿ ಸಿಗುತ್ತದೆ. ತುದಿ ಮುಟ್ಟದ ಆ ವಾರಾಂತ್ಯವನ್ನೇ ನಾನು ಈ ಕ್ಲಬ್‌ನ ಅತ್ಯುತ್ತಮ ಟ್ರಿಪ್ ಅನ್ನುತ್ತೇನೆ.

ಚಳಿಗಾಲದ ನಡುವೆ ರುವಾಪೆಹು ಬೆಟ್ಟದ ಮೇಲೆ ಸ್ನೋಕ್ರಾಫ್ಟ್, ಅಂದರೆ ಹಿಮದ ಮೇಲೆ ಸುರಕ್ಷಿತವಾಗಿ ಓಡಾಡುವುದನ್ನು ಕಲಿಸುತ್ತಾರೆ. 2797 ಮೀಟರ್, ನಾರ್ತ್ ಐಲ್ಯಾಂಡ್‌ನಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಕೆಳಗಡೆ ಬಂಡೆ, ಕಂದಕ ಏನೂ ಇಲ್ಲದ ಸಣ್ಣ ಇಳಿಜಾರು ಹುಡುಕುತ್ತಾರೆ. ಅಲ್ಲಿ ಬೇಕೆಂದೇ ಜಾರಿ, ಐಸ್ ಆಕ್ಸ್ ಹಿಡಿದು ತಮ್ಮನ್ನು ತಾವೇ ನಿಲ್ಲಿಸಿಕೊಳ್ಳಬೇಕು. ಒಂದು ಕೈ ಆಕ್ಸ್‌ನ ತಲೆ ಮೇಲೆ, ಇನ್ನೊಂದು ಕೈ ಹಿಡಿಕೆಯ ಕೆಳತುದಿಯಲ್ಲಿ. ಮಗುಚಿ ಮಲಗಿ, ಎದೆಯ ಭಾರವನ್ನೆಲ್ಲ ಹಾಕಿ ಚೂಪಾದ ತುದಿಯನ್ನು ಹಿಮಕ್ಕೆ ಒತ್ತಬೇಕು. ಕ್ರ್ಯಾಂಪಾನ್ ಹಾಕಿದ್ದರೆ ಪಾದ ಮೇಲೆತ್ತಿರಬೇಕು. ಇಲ್ಲದಿದ್ದರೆ ಮುಳ್ಳು ಹಿಮಕ್ಕೆ ಸಿಕ್ಕಿ ಆಳನ್ನೇ ಪಲ್ಟಿ ಹೊಡೆಸುತ್ತದೆ. ತಲೆ ಕೆಳಗಾಗಿ ಜಾರುವುದನ್ನೂ ಮಾಡಿಸುತ್ತಾರೆ. ಸಂಜೆ ಹೊತ್ತಿಗೆ ಯೋಚನೆ ಮಾಡುವ ಮುಂಚೆಯೇ ಮೈ ತಿರುಗುತ್ತದೆ. ಕಾಲಿಡುವ ಮುಂಚೆ ಹಿಮಕುಸಿತದ ಮುನ್ಸೂಚನೆ ಓದುವುದು ಹೇಗೆ ಎಂಬುದಕ್ಕೂ ಒಂದು ಪಾಠ ಇದೆ.

ನದಿ ದಾಟುವ ತರಬೇತಿ ಇನ್ನೊಂದು. ತಾರಾರುವಾ ನದಿಗಳು ಮಳೆ ಬಿದ್ದ ಕೆಲವೇ ಗಂಟೆಯಲ್ಲಿ ಉಕ್ಕುತ್ತವೆ, ಅಷ್ಟೇ ಬೇಗ ಇಳಿಯುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಎಷ್ಟು ಜನ ಹೊಳೆ ಪಾಲಾಗುತ್ತಿದ್ದರೆಂದರೆ, ನೀರಿನಲ್ಲಿ ಮುಳುಗುವುದಕ್ಕೆ ‘ನ್ಯೂಜಿಲೆಂಡ್ ಸಾವು’ ಎಂದೇ ಹೆಸರಿತ್ತು. ಒಬ್ಬರ ಚೀಲದ ಪಟ್ಟಿ ಇನ್ನೊಬ್ಬರು ಹಿಡಿದು ಸಾಲಾಗಿ ನಿಲ್ಲುವುದು, ಗಟ್ಟಿ ಆಳು ಹರಿವಿನ ಮೇಲ್ಗಡೆಗೆ. ಮೊಟ್ಟಮೊದಲ ಪಾಠ ಮಾತ್ರ ನೀರಿಗಿಳಿಯದೆ ದಡದಲ್ಲಿ ಕಾಯುವುದು. ಮಲೆನಾಡಿನ ಮಳೆಗಾಲದ ಹಳ್ಳ ಕಂಡವರಿಗೆ ಇದನ್ನು ಬೇಗ ಒಪ್ಪಿಸಬಹುದು.

ಹಿಮ ಬೇಡ ಅನ್ನುವವರಿಗೂ ಭಾನುವಾರದ ಸುಲಭ ಟ್ರಿಪ್‌ಗಳು ಇರುತ್ತವೆ. ಪೈಕಾಕಾರಿಕಿ ಎಸ್ಕಾರ್ಪ್‌ಮೆಂಟ್ ಟ್ರ್ಯಾಕ್ 10 ಕಿಲೋಮೀಟರ್, ಎರಡು ತೂಗುಸೇತುವೆ, ಎರಡೂ ತುದಿಯಲ್ಲಿ ರೈಲು ನಿಲ್ದಾಣ. ಕಾರಿಲ್ಲದವರಿಗೆ ಹೇಳಿ ಮಾಡಿಸಿದ ದಾರಿ. ಟುರಾಕಿರೈ ಭೂಶಿರದ ಕಲ್ಲಿನ ಕಡಲತೀರಕ್ಕೆ ಚಳಿಗಾಲದಲ್ಲೇ ಹೋಗಬೇಕು, ಆಗಲೇ ಗಂಡು ಸೀಲ್‌ಗಳು ಅಲ್ಲಿಗೆ ಬಂದು ಮಲಗುವುದು. 1855ರ ಭೂಕಂಪದಲ್ಲಿ ಆ ದಡ ಮೀಟರುಗಟ್ಟಲೆ ಮೇಲೆದ್ದಿತು. ಹಳೆಯ ತೀರಗಳು ಮೆಟ್ಟಿಲಿನಂತೆ ಒಂದರ ಹಿಂದೆ ಒಂದು ಕಾಣುತ್ತವೆ. ರೆಮುಟಾಕಾ ಬೆಟ್ಟಸಾಲಿನ ಹಳೇ ರೈಲು ದಾರಿಯೂ ಚೆನ್ನಾಗಿದೆ. 1955ರಲ್ಲಿ ರೈಲು ನಿಂತ ಮೇಲೆ ಅದು ನಡಿಗೆಯ, ಸೈಕಲ್ಲಿನ ದಾರಿಯಾಗಿದೆ. 576 ಮೀಟರಿನ ಸಮ್ಮಿಟ್ ಸುರಂಗಕ್ಕೆ ಟಾರ್ಚ್ ಬೇಕೇ ಬೇಕು. ಸೈಬೀರಿಯಾ ಎಂದು ಕರೆಯುವ ತಿರುವಿನಲ್ಲಿ 1880ರಲ್ಲಿ ಗಾಳಿ ರೈಲುಬೋಗಿಗಳನ್ನೇ ಹಳಿಯಿಂದ ಎತ್ತಿ ಹಾಕಿತ್ತು, ಮಕ್ಕಳು ತೀರಿಕೊಂಡಿದ್ದರು. ಇಲ್ಲಿನ ಗಾಳಿಗೆ ಯಾಕಿಷ್ಟು ಹೆದರುತ್ತಾರೆ ಎಂದು ಯಾರಾದರೂ ಕೇಳಿದರೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಹಟ್‌ನ ರಾತ್ರಿಗಳು ನನಗೆ ತುಂಬಾ ಇಷ್ಟ. ಬೂಟು ಬಾಗಿಲ ಹೊರಗೆ, ಒದ್ದೆ ಬಟ್ಟೆ ಒಲೆಯ ಮೇಲಿನ ಹಗ್ಗಕ್ಕೆ, ಹೊರಡುವ ಮುಂಚೆ ಮುಂದಿನವರಿಗೆ ಒಣ ಸೌದೆ. ಈ ನಿಯಮ ಯಾರೂ ಮುರಿಯುವುದಿಲ್ಲ. ಊಟ ಎಲ್ಲರಿಗೂ ಸೇರಿ ಒಂದೇ ಪಾತ್ರೆಯಲ್ಲಿ. ನಾನು ಸಸ್ಯಾಹಾರಿ. ಮೊದಮೊದಲು ನನಗೆಂದು ಬೇರೆ ಪಾತ್ರೆ ಇಡುತ್ತಿದ್ದರು. ಈಗ ಎಷ್ಟೋ ಟ್ರಿಪ್‌ಗಳಲ್ಲಿ ಎಲ್ಲರಿಗೂ ಬೇಳೆ, ಅನ್ನವೇ. ಹೊರುವುದಕ್ಕೂ ಹಗುರ ಅಲ್ವಾ. ನಾನು ಹುರಿದ ರವೆಗೆ ಒಗ್ಗರಣೆ ಸೇರಿಸಿ ಪೊಟ್ಟಣ ಕಟ್ಟಿ ಒಯ್ಯುತ್ತೇನೆ. ಬಿಸಿನೀರು ಕುದಿಯುವುದೇ ತಡ, ಉಪ್ಪಿಟ್ಟು ತಯಾರು. ಚಟ್ನಿಪುಡಿಗೆ ಕ್ಯೂ ನಿಲ್ಲುತ್ತದೆ. ಜೂನ್ ಕೊನೆಗೋ ಜುಲೈಗೋ ಹಟ್ ಒಂದರಲ್ಲಿ ನಡುಚಳಿಗಾಲದ ಕ್ರಿಸ್ಮಸ್ ಊಟ ಇರುತ್ತದೆ. ಪುಡಿಂಗನ್ನು ಬೆನ್ನ ಮೇಲೆ ಹೊತ್ತು ತರುತ್ತಾರೆ. ಅದೇ ಸುಮಾರಿಗೆ ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಹೊಸವರ್ಷ ಮತಾರಿಕಿ, 2022ರಿಂದ ಸರ್ಕಾರಿ ರಜೆ. ಬೆಳಗಿನ ಜಾವ ಎದ್ದು ಅವರು ಹುಡುಕುವುದು ನಮ್ಮ ಕೃತ್ತಿಕಾ ನಕ್ಷತ್ರಗಳನ್ನೇ. ನಮ್ಮಜ್ಜಿ ತೋರಿಸಿದ್ದ ಆ ಗುಂಪನ್ನು ಇಲ್ಲಿ ಮಾವೋರಿ ಗೆಳತಿಯೊಬ್ಬಳು ಮತ್ತೆ ತೋರಿಸಿದಾಗ ನನ್ನ ಕಣ್ಣು ತುಂಬಿತ್ತು.

ಇನ್ನು ದೂರುಗಳು. ಟ್ರಿಪ್‌ಗಳ ದರ್ಜೆಯನ್ನು ನಂಬಬೇಡಿ. ನಮ್ಮ ಕ್ಲಬ್‌ನ ‘ಈಸಿ’ ಕೆಸರಲ್ಲಿ, ಬೇರುಗಳ ಮೇಲೆ ಆರು ಗಂಟೆ ನಡೆಸಬಲ್ಲದು. ಹೆಸರು ಕೊಡುವ ಮುಂಚೆ ಲೀಡರ್‌ಗೆ ಫೋನ್ ಮಾಡಿ, ಎಷ್ಟು ಏರು, ಎಷ್ಟು ಗಂಟೆ ಅಂತ ಕೇಳಿ. ಹವಾಮಾನ ಕೆಟ್ಟು ರದ್ದಾಗುವ ಟ್ರಿಪ್ ಜಾಸ್ತಿ. ಅದು ಸರಿಯೇ, ಆದರೆ ಸುದ್ದಿ ಬರುವುದು ಶುಕ್ರವಾರ ಮಧ್ಯಾಹ್ನ, ರಜೆ ಹಾಕಿ ಕೂತ ಮೇಲೆ. ಹಟ್ ಬುಕಿಂಗ್ ಹಣ ವಾಪಸ್ ಬರಲು ಎರಡು ಸಲ ನೆನಪಿಸಬೇಕು. ಕಾರಿಲ್ಲದ ವಿದ್ಯಾರ್ಥಿಗಳಿಗೆ ಲಿಫ್ಟ್ ಹೊಂದಿಸುವುದು ಅವರವರ ಪಾಡಿಗೆ ಬಿಟ್ಟದ್ದು. ಇದು ನನಗೆ ಬೇಸರ ತರಿಸುತ್ತದೆ, ಸಭೆಯಲ್ಲೂ ಹೇಳಿದ್ದೇನೆ. ಸಣ್ಣ ಮಕ್ಕಳಿರುವವರಿಗೆ ಚಳಿಗಾಲದ ಪಟ್ಟಿಯಲ್ಲಿ ಹೆಚ್ಚೇನಿಲ್ಲ. ಸದಸ್ಯರಲ್ಲಿ ಹೆಚ್ಚಿನವರು ಐವತ್ತು ದಾಟಿದವರು. ನನಗದು ಲಾಭವೇ, ಇಪ್ಪತ್ತರ ಹುಡುಗರಿಗೆ ಹಾಗನಿಸದೆ ಇರಬಹುದು.

ವರ್ಷದ ಚಂದಾ ಒಂದು ಒಳ್ಳೆಯ ಜೊತೆ ಬೂಟಿನ ಬೆಲೆಗಿಂತ ತುಂಬಾ ಕಮ್ಮಿ. ಪೆಟ್ರೋಲು, ಊಟ, ಹಟ್ ಶುಲ್ಕ ಹಂಚಿಕೊಳ್ಳುತ್ತೇವೆ. ಒಕ್ಕೂಟದ ಕಾರ್ಡ್ ಇದ್ದರೆ ಹಟ್ ಪಾಸಿಗೆ ರಿಯಾಯಿತಿಯೂ ಇದೆ. ಕ್ಲಬ್‌ಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ, ಆ ಅರ್ಧ ಕಳೆದದ್ದು ಲಿಫ್ಟ್ ವಿಷಯಕ್ಕೆ. ಚಂದಾ ಕಟ್ಟುವ ಮುಂಚೆ ಅತಿಥಿಯಾಗಿ ಬಂದು ನೋಡಬಹುದು. ಏಪ್ರಿಲ್‌ನಲ್ಲಿ ಸುಲಭದ ಟ್ರಿಪ್ ಒಂದಕ್ಕೆ ಬನ್ನಿ. ಸ್ನೋಕ್ರಾಫ್ಟ್‌ಗೆ ಜಾಗ ಕಮ್ಮಿ, ಜೂನ್ ಹೊತ್ತಿಗೆ ತುಂಬಿಬಿಡುತ್ತದೆ. ಮೇ ತಿಂಗಳಲ್ಲೇ ಹೆಸರು ಕೊಡಿ.