ಕಾಗದದ ಗ್ರಹಣ ಕನ್ನಡಕ: ಯಾವ ಗ್ರಹಣಕ್ಕೆ ಎಷ್ಟು ಪ್ರಯೋಜನ?

ರಟ್ಟಿನ ಚೌಕಟ್ಟು, ಕಪ್ಪು ಪಾಲಿಮರ್ ಹಾಳೆ: ಇಷ್ಟೇ ಸಾಮಾನು. ಮಕ್ಕಳ ಕಿವಿಗೆ ನಿಲ್ಲುವುದಿಲ್ಲ, ರಬ್ಬರ್‌ಬ್ಯಾಂಡ್ ಕಟ್ಟಬೇಕು. ಪಾರ್ಶ್ವ ಗ್ರಹಣಕ್ಕೆ ಧಾರಾಳ ಸಾಕು.

ಕಂಕಣ ಗ್ರಹಣದಲ್ಲಿ ಚಂದ್ರ ದೂರವಿದ್ದು ಬಿಂಬ ಚಿಕ್ಕದಾಗಿರುತ್ತದೆ, ಹಾಗಾಗಿ ಸೂರ್ಯನ ಉಂಗುರ ಉಳಿದೇ ಉಳಿಯುತ್ತದೆ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಡದ್ದು ಇದೇ. ಕನ್ನಡಕ ಒಂದು ಕ್ಷಣವೂ ತೆಗೆಯುವಂತಿಲ್ಲ.

1980ರ ಫೆಬ್ರವರಿ 16ರಂದು ಅಂಕೋಲೆಯಲ್ಲಿ ಆದಂಥ ಖಗ್ರಾಸದಲ್ಲಿ ಮಾತ್ರ, ಸೂರ್ಯ ಪೂರ್ತಿ ಮುಚ್ಚಿದಾಗ ತೆಗೆಯಲೇಬೇಕು. ಇಲ್ಲವಾದರೆ ಕರೋನಾ (ಸೂರ್ಯನ ಸುತ್ತಲಿನ ಮಸುಕು ಪ್ರಭೆ) ಕಾಣದೆ ಬರೀ ಕತ್ತಲು. ಅಂಚು ಮಿನುಗುತ್ತಲೇ ಮತ್ತೆ ಹಾಕಿ.

ಸೂರ್ಯವೀಕ್ಷಣೆಯ ಕನ್ನಡಕಗಳ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡವಾದ ಐಎಸ್‌ಒ 12312-2 ಗುರುತನ್ನಷ್ಟೇ ನಂಬಬೇಡಿ (ಯಾರು ಬೇಕಾದರೂ ಅಚ್ಚು ಹಾಕಬಹುದು). ಮನೆಯ ಟ್ಯೂಬ್‌ಲೈಟ್ ಅದರಲ್ಲಿ ಚೆನ್ನಾಗಿ ಕಂಡರೆ ಬೇಡ. ಗೀರು, ಸೂಜಿರಂಧ್ರ ಇದ್ದರೆ ಬಿಸಾಡಿ. ಬೈನಾಕ್ಯುಲರ್ ಜೊತೆ ಬಳಸಿದರೆ ಹಾಳೆ ಸುಟ್ಟು ಕಣ್ಣೂ ಹೋದೀತು.