ಹಳೆ ಸೈಕಲ್‌ಗೆ ಮೋಟಾರ್: ಚಕ್ರಕ್ಕೋ, ಪೆಡಲ್ ಹತ್ತಿರವೋ?

ಹಬ್ ಮೋಟಾರ್ ಚಕ್ರದ ನಡುವೆಯೇ ಕೂರುತ್ತದೆ. ಚಕ್ರ ಬದಲಿಸಿ, ಕಂಟ್ರೋಲರ್ (ಮೋಟಾರ್‌ಗೆ ಹೋಗುವ ಕರೆಂಟ್ ನಿಯಂತ್ರಿಸುವ ಪೆಟ್ಟಿಗೆ), ಬ್ಯಾಟರಿ ಜೋಡಿಸಿದರೆ ಹೆಚ್ಚುಕಡಿಮೆ ಕೆಲಸ ಮುಗಿಯಿತು. ಮೋಟಾರಿನ ಹೊರೆ ಚೈನ್‌ಗೆ ಬೀಳುವುದಿಲ್ಲ. ಆದರೆ ಮಡಿಕೇರಿಯಂಥ ಏರಿನಲ್ಲಿ ಏದುಸಿರು ಬಿಡುತ್ತದೆ.

ಮಿಡ್-ಡ್ರೈವ್ ಪೆಡಲ್ ಹತ್ತಿರ ಕೂತು ಚೈನ್ ಮೂಲಕವೇ ಎಳೆಯುತ್ತದೆ. ಗೇರ್ ಇದ್ದರೆ ಏರು ಸಲೀಸು. ಬೆಲೆ ಜಾಸ್ತಿ, ಚೈನೂ ಬೇಗ ಸವೆಯುತ್ತದೆ. ಗೇರೇ ಇಲ್ಲದ ಅಜ್ಜನ ಕಾಲದ ಸೈಕಲ್‌ಗೆ ಅದು ಸುಮ್ನೆ ದಂಡ, ಅಲ್ವಾ?

ಅಂಥ ಸೈಕಲ್‌ಗೆ ನನ್ನ ಓಟು 250 ವ್ಯಾಟ್‌ನ ಹಿಂದಿನ ಹಬ್‌ಗೆ. ಮುಂದಿನ ಚಕ್ರಕ್ಕೆ ಹಾಕುವುದು ಇನ್ನೂ ಸುಲಭ, ನಿಜ. ಆದರೆ ಆ ಚಕ್ರವನ್ನು ಹಿಡಿದಿರುವ ಫೋರ್ಕ್ ತುಕ್ಕು ಹಿಡಿದಿದ್ದರೆ ಬೇಡವೇ ಬೇಡ. ಯಾವುದನ್ನೇ ಆರಿಸಿ, ಮೊದಲು ಬ್ರೇಕ್ ಸರಿ ಮಾಡಿಸಿ. ಮಳೆಯಲ್ಲಿ ನೆನೆದ ಸ್ಟೀಲ್ ರಿಮ್ ಮೇಲೆ ಹಳೆ ಬ್ರೇಕ್ ರಬ್ಬರ್ ಜಾರುತ್ತದೆ.