ದುರ್ಗದ ಕೋಟೆಗೆ ಗೈಡ್ ಬೇಕಾ? ಬೇಕು, ಆದರೆ ಕೇಳಿ ಕರ್ಕೊಳ್ಳಿ

ಚಿತ್ರದುರ್ಗದ ಕೋಟೆ ನೋಡಲು ಗೈಡ್‌ಗೆ ದುಡ್ಡು ಕೊಡಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಕೊಡಿ. ನಾವು ದಾವಣಗೆರೆಯಿಂದ ಮನೆಮಂದಿಯೆಲ್ಲ ಹೋಗಿದ್ದೆವು, ಬಾಗಿಲ ಹತ್ತಿರ ಸಿಕ್ಕ ಒಬ್ಬ ಹಿರಿಯರ ಜೊತೆ ಹತ್ತಿದೆವು. ಚಳ್ಳಕೆರೆ ಕಡೆಯ ಮ್ಯಾಸ ಬೇಡರ (ದನ ಸಾಕುವ ಬೇಡರ ಪಂಗಡ) ಹಟ್ಟಿಯವರು. ಕೋಟೆಯ ಕಥೆಯ ಜೊತೆಗೆ ತಮ್ಮ ಜನರ ಕಥೆಯನ್ನೂ ಹೇಳಿದರು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ ಇಲ್ಲಿ ಏಳು ಸುತ್ತು, ಓಬವ್ವನ ಕಿಂಡಿ, ಫೋಟೊ, ಅಲ್ಲಿಗೆ ಮುಗಿಯುತ್ತದೆ. ಇವರು ಶುರು ಮಾಡಿದ್ದು ಮತ್ತಿ ತಿಮ್ಮಣ್ಣ ನಾಯಕನಿಂದ. ಮತ್ತಿ ನಮ್ಮ ದಾವಣಗೆರೆ ತಾಲ್ಲೂಕಿನದೇ ಊರು ಅಲ್ವಾ, ಎಲ್ಲರ ಕಿವಿ ನೆಟ್ಟಗಾಯಿತು. ತಿರುಪತಿ ಕಡೆಯಿಂದ ಬಂದ ಬೇಡರ ಕುಟುಂಬ, ವಿಜಯನಗರದ ಕಾಲದಲ್ಲಿ ತಿಮ್ಮಣ್ಣನಿಗೆ ದುರ್ಗ ಸಿಕ್ಕಿದ್ದು, ಆಮೇಲೆ 1779ರವರೆಗೆ ಇದೇ ಜನ ಈ ಸೀಮೆ ಆಳಿದ್ದು, ಇದನ್ನೆಲ್ಲ ಹತ್ತುತ್ತಾ ಹತ್ತುತ್ತಾ ಹೇಳಿದರು. ಬೇಟೆ ಆಡಿಕೊಂಡು, ದನ ಕಾಯ್ದುಕೊಂಡು ಈ ಬಂಡೆಗಳನ್ನು ಅಂಗೈಯಂತೆ ತಿಳಿದುಕೊಂಡಿದ್ದ ಜನ ಇಲ್ಲಿ ಕೋಟೆ ಬೆಳೆಸಿದರೆ ಅದರಲ್ಲಿ ಆಶ್ಚರ್ಯ ಏನಿದೆ ಅಂದರು. ಹೌದು ಅನ್ನಿಸಿತು.

ಏಕನಾಥೇಶ್ವರಿ ಗುಡಿಯ ಹತ್ತಿರ ನೆರಳಲ್ಲಿ ಕೂತಾಗ ನಮ್ಮಮ್ಮ ಕೇಳಿದರು, "ನಿಮ್ಮ ಕಡೆ ಕೋಳಿ ತಿನ್ನಲ್ವಂತೆ, ಹೌದಾ?" ಅವರು ನಗುತ್ತಾ, "ತಿನ್ನೋದಿರಲಿ ಅಮ್ಮಾ, ನಮ್ಮ ಹಟ್ಟಿ ಒಳಗೇ ಕೋಳಿ ಬಿಡಲ್ಲ" ಅಂದರು. ಅಲ್ಲಿಂದ ಮಾತು ದೇವರ ಎತ್ತುಗಳಿಗೆ ಹೊರಳಿತು. ಚಳ್ಳಕೆರೆ, ಮೊಳಕಾಲ್ಮುರು ಕಡೆ ಮ್ಯಾಸ ಬೇಡರು ದೇವರ ಹೆಸರಲ್ಲಿ ದನದ ಮಂದೆ ಸಾಕುತ್ತಾರೆ. ಆ ಎತ್ತಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಮನುಷ್ಯರ ಹಾಗೇ ಮಣ್ಣು ಮಾಡುತ್ತಾರೆ. ಕಾಯುವವನೇ ಕಿಲಾರಿ. ಬರ ಬಂದಾಗ ಮನೆ ಜನರಿಗಿಂತ ಮೊದಲು ಎತ್ತಿನ ಮೇವಿನ ಚಿಂತೆ ಅಂತ ಹೇಳುವಾಗ ಅವರ ಗಂಟಲು ಕಟ್ಟಿತ್ತು. ಚಳ್ಳಕೆರೆ ಸೀಮೆಯ ಕಾವಲುಗಳಲ್ಲಿ, ಅಂದರೆ ದನ ಮೇಯುವ ಹುಲ್ಲುಗಾವಲುಗಳಲ್ಲಿ, ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೋ, ಅಣು ಸಂಶೋಧನೆಯ ಬಾರ್ಕ್, ಬೆಂಗಳೂರಿನ ಐಐಎಸ್‌ಸಿ ಮುಂತಾದ ಸಂಸ್ಥೆಗಳಿಗೆ ಹೋಯಿತಲ್ಲ, ದನ ಕುರಿ ಮೇಯಿಸುವವರು ಅದಕ್ಕೆ ಎಷ್ಟು ಹೋರಾಡಿದರು ಅನ್ನುವುದು ನಮ್ಮ ಜಿಲ್ಲೆಗಳಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ನನಗೆ ಇದು ತುಂಬಾ ನೋವಿನ ವಿಷಯ.

ಕಿಂಡಿಯ ಹತ್ತಿರ ಓಬವ್ವನ ಕಥೆಯನ್ನು ನಾಟಕ ಮಾಡದೆ ಹೇಳಿದರು. ಅವಳು ಹೊಲೆಯರ ಹೆಣ್ಣುಮಗಳು ಅನ್ನುವುದನ್ನು ನುಂಗಲಿಲ್ಲ, ಅದು ನನಗೆ ಜಾಸ್ತಿ ಇಷ್ಟವಾಯಿತು. ಹೈದರಾಲಿ ಕೋಟೆ ಗೆದ್ದ ಮೇಲೆ ಏನಾಯಿತು ಅಂತಲೂ ಹೇಳಿದರು. ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಹುಡುಗರನ್ನು ಸೆರೆ ಹಿಡಿದವರಿಂದಲೇ ಕಟ್ಟಿದ ಚೇಲಾ ಪಡೆಗೆ ಸೇರಿಸಿದ ಅಂತ ಬ್ರಿಟಿಷ್ ಕಾಲದ ಚರಿತ್ರೆಗಳಲ್ಲಿ ಇದೆ. ಮದಕರಿ ನಾಯಕನ ಸೋಲು ಎಲ್ಲರಿಗೂ ಗೊತ್ತು, ಊರು ಬಿಟ್ಟು ಹೋದ ಆ ಜನರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕೊರತೆಗಳೂ ಇವೆ. ಅರಮನೆಯ ಮಣ್ಣಿನ ಗೋಡೆಗಳ ಹತ್ತಿರ ಬರುವಷ್ಟರಲ್ಲಿ ಇನ್ನೊಂದು ಗುಂಪು ಕಾಯುತ್ತಿದೆ ಅಂತ ಅವಸರ ಮಾಡಿದರು, ನಾಣ್ಯ ಅಚ್ಚು ಹಾಕುತ್ತಿದ್ದ ಟಂಕಸಾಲೆ ಸುಮ್ನೆ ದೂರದಿಂದ ತೋರಿಸಿದರು. ರೇಟ್ ಹತ್ತುವ ಮೊದಲೇ ಮಾತಾಡಿಕೊಳ್ಳಿ, ಎಷ್ಟು ಹೊತ್ತು ಅನ್ನುವುದನ್ನೂ ಸೇರಿಸಿ. ನಾವು ಓದಿದ ಫಲಕಗಳಲ್ಲಿ ರಾಜರು, ಬಾಗಿಲು, ಹೊಂಡ ಎಲ್ಲ ಇತ್ತು, ಹಟ್ಟಿಗಳಲ್ಲಿ ಇವತ್ತಿಗೂ ಬದುಕುತ್ತಿರುವ ಬೇಡರ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಾಗಾಗಿ ಗೈಡ್ ಬಾಯಲ್ಲಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬೆಳಿಗ್ಗೆ ಬೇಗ ಹತ್ತಿ, ಹತ್ತು ಗಂಟೆ ಆದರೆ ಬಂಡೆ ಕಾಯುತ್ತದೆ. ನೀರು ಜಾಸ್ತಿ ಇಟ್ಟುಕೊಳ್ಳಿ, ವಯಸ್ಸಾದವರಿದ್ದರೆ ಗೋಪಾಲಸ್ವಾಮಿ ಹೊಂಡದ ಹತ್ತಿರ ಕೂರಿಸಿ ಮುಂದೆ ಹೋಗಿ. ಗೈಡ್ ಹಿಡಿಯುವಾಗ ದೇವರ ಎತ್ತಿನ ಬಗ್ಗೆ ಒಂದು ಪ್ರಶ್ನೆ ಕೇಳಿ. ಉತ್ತರ ಕೊಟ್ಟವರ ಜೊತೆ ಹತ್ತಿ.